ಕುಟ್ಟದ ಕಾಡಿಗೆ ನ್ಯೂಯಾರ್ಕಿನ ಟಿಕೆಟ್ ದುಡ್ಡು

ಮೈಸೂರಿನಿಂದ ಹುಣಸೂರಿನವರೆಗಿನ ರಸ್ತೆಯ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ವೀರನಹೊಸಹಳ್ಳಿ ಗೇಟು ದಾಟಿದ ಮೇಲೆ ಕಾಡು ಶುರು. ಅಲ್ಲಿಂದ ನಾಗರಹೊಳೆ ಹಾದು ಕೊಡಗಿನ ಕುಟ್ಟ ಸೇರುವವರೆಗೆ ಜಿಂಕೆ, ಕಾಟಿ, ಆನೆ ಲದ್ದಿ ಎಲ್ಲ ಕಂಡವು. ಹುಲಿ ಕಾಣಲಿಲ್ಲ. ಆದರೆ ಜೀಪುದಾರಿಯ ಎರಡು ಬದಿಗೆ, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಮರಕ್ಕೆ ಬಿಗಿದ, ಪ್ರಾಣಿ ಹಾದರೆ ತಾನೇ ಕ್ಲಿಕ್ಕಿಸುವ ಎರಡು ಕ್ಯಾಮರಾ ಪೆಟ್ಟಿಗೆಗಳನ್ನು ನೋಡಿದ ಮೇಲೆ ಹುಲಿಯ ಕೊರತೆ ಅಷ್ಟೇನೂ ಕಾಡಲಿಲ್ಲ. ಹುಲಿಯನ್ನು ಕ್ಯಾಮರಾದಲ್ಲಿ ಎಣಿಸುವ ವಿದ್ಯೆ ಕುದುರಿದ್ದೇ ಈ ಕಾಡಿನಲ್ಲಿ, ಅದಕ್ಕೆ ಬೆನ್ನಿಗೆ ನಿಂತದ್ದು ನ್ಯೂಯಾರ್ಕಿನ ಒಂದು ಮೃಗಾಲಯದ ಸಂಸ್ಥೆ.

ನ್ಯೂಯಾರ್ಕಿನ ಆ ಬ್ರಾಂಕ್ಸ್ ಮೃಗಾಲಯ ತೆರೆದದ್ದು 1899ರಲ್ಲಿ. ಅದನ್ನು ನಡೆಸುವ ಸಂಸ್ಥೆ 1895ರದು. ಈಗಿನ ಹೆಸರು ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ. 1907ರಲ್ಲೇ ತನ್ನ ಆವರಣದ 15 ಕಾಡೆಮ್ಮೆಗಳನ್ನು (ಅಮೆರಿಕದ ಬೈಸನ್) ರೈಲಿಗೆ ಹತ್ತಿಸಿ ಒಕ್ಲಹೋಮಾದ ಹುಲ್ಲುಗಾವಲಿಗೆ ಕಳಿಸಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿ ಅಧ್ಯಯನ ಶುರುಮಾಡಿದಾಗ ಕೈಹಿಡಿದದ್ದು ಇದೇ ಸಂಸ್ಥೆ. ಹೆಜ್ಜೆ ಗುರುತಿನ ಅಚ್ಚು ತೆಗೆದು ಹುಲಿ ಎಣಿಸುತ್ತಿದ್ದ ಪದ್ಧತಿಯ ಜಾಗಕ್ಕೆ ಕ್ಯಾಮರಾ ಬಂದದ್ದು ಆಮೇಲೆ. ಈಗ ದೇಶದಾದ್ಯಂತ ನಾಲ್ಕು ವರ್ಷಕ್ಕೊಮ್ಮೆ ಸರ್ಕಾರ ನಡೆಸುವ ಹುಲಿ ಗಣತಿಯಲ್ಲೂ ಕ್ಯಾಮರಾವೇ.

ಎರಡು ಕ್ಯಾಮರಾ ಯಾಕೆಂದರೆ, ಒಂದೊಂದು ಹುಲಿಯನ್ನೂ ಗುರುತಿಸುವುದು ಪಟ್ಟೆಯಿಂದ, ಅದರ ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ತಾಳೆಯಿಲ್ಲ. ಒಂದೇ ಮಗ್ಗುಲಿನ ಚಿತ್ರ ಸಿಕ್ಕರೆ ಒಂದು ಹುಲಿ ಎರಡಾಗಿ ಲೆಕ್ಕಕ್ಕೆ ಬಂದೀತು. ಎರಡನ್ನೂ ನೇರಾನೇರ ನಿಲ್ಲಿಸುವ ಹಾಗೂ ಇಲ್ಲ. ಒಂದರ ಫ್ಲಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಸ್ವಲ್ಪ ಓರೆ ಮಾಡುತ್ತಾರೆ. ಒಂದು ಸುತ್ತಿನ ಎಣಿಕೆಯನ್ನು ಸುಮಾರು ಒಂದೂವರೆ ತಿಂಗಳೊಳಗೆ ಮುಗಿಸುವುದು ವಾಡಿಕೆ. ಎಳೆದಷ್ಟೂ ನಡುವೆ ಹುಟ್ಟು, ಸಾವು, ವಲಸೆ ಸೇರಿಕೊಂಡು ಲೆಕ್ಕದ ಬುಡವೇ ಅಲ್ಲಾಡುತ್ತದೆ. ಮೊದಲ ಸಲ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಮತ್ತೆ ಸಿಕ್ಕವು ಎಂಬುದರ ಮೇಲೆ, ಸಿಗದೇ ಉಳಿದವೆಷ್ಟು ಎಂದು ಅಂದಾಜು ಕಟ್ಟುತ್ತಾರೆ. ಕೆಡುವುದೂ ಬೇಕಾದಷ್ಟಿದೆ. ಆನೆ ಪೆಟ್ಟಿಗೆಯನ್ನೇ ಕಿತ್ತೆಸೆಯುತ್ತದೆ. ಲಂಟಾನದ ಕೊಂಬೆ ಗಾಳಿಗೆ ಆಡಿದರೂ ಕ್ಯಾಮರಾ ಕ್ಲಿಕ್ಕಿಸಿ ಬ್ಯಾಟರಿ ಬರಿದಾಗುತ್ತದೆ. ಮಳೆಗಾಲದಲ್ಲಿ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ರೀಲಿನ ಕಾಲದಲ್ಲಂತೂ ಜಿಂಕೆ ಹಿಂಡೊಂದು ಹಾದರೆ 36 ಚಿತ್ರವೂ ಅಲ್ಲಿಗೇ ಖಾಲಿ.

ಕುಟ್ಟದ ಜೀಪು ಚಾಲಕರಿಗೆ ಇದೆಲ್ಲ ಅರೆಬರೆ ಗೊತ್ತಿತ್ತು. ನ್ಯೂಯಾರ್ಕಿನ ವಿಷಯ ಗೊತ್ತಿರಲಿಲ್ಲ.

"ಅಲ್ಲ ಸಾರ್, ಅಲ್ಲಿ ಪ್ರಾಣಿನ ಬೋನಲ್ಲಿ ಇಟ್ಕೊಂಡವ್ರಿಗೆ ನಮ್ಮ ಕಾಡಿನ ಹುಲಿ ಲೆಕ್ಕ ಯಾಕೆ ಬೇಕು?"

ಬೋನಿನಲ್ಲಿ ಹುಲಿ ಉಳಿದು ಕಾಡಿನಲ್ಲಿ ಅಳಿದರೆ ಮೃಗಾಲಯಕ್ಕೆ ಜನರೆದುರು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಒಂದು ಉತ್ತರ. ಅವರು ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ.

"ಟಿಕೆಟ್ ತಗೊಂಡವ್ರಿಗೆ ಗೊತ್ತಾ, ದುಡ್ಡು ಎಲ್ಲಿಗೆ ಹೋಗುತ್ತೆ ಅಂತ?"

ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಆದರೆ ಬ್ರಾಂಕ್ಸ್‌ನವರೇ 1999ರಲ್ಲಿ ಗೊರಿಲ್ಲಾಗಳಿಗಾಗಿ ಕಾಂಗೋ ಕಾಡಿನ ಮಾದರಿಯೊಂದನ್ನು ಕಟ್ಟಿ, ಅದಕ್ಕೆ ಬೇರೆಯೇ ಟಿಕೆಟ್ ಇಟ್ಟರು: ಮೂರು ಡಾಲರ್. ನೋಡಿ ಮುಗಿಸಿದವರು ಪರದೆ ಮುಟ್ಟಿ, ತಮ್ಮ ಮೂರು ಡಾಲರ್ ಆಫ್ರಿಕಾದ ಯಾವ ಕೆಲಸಕ್ಕೆ ಹೋಗಬೇಕೆಂದು ಆರಿಸಬಹುದಿತ್ತು. ಕೊಲರಾಡೊದ ಷಾಯೆನ್ ಮೌಂಟನ್ ಮೃಗಾಲಯ ಪ್ರತಿ ಟಿಕೆಟ್ಟಿನಿಂದ ಕಾಲು ಡಾಲರ್ ಎತ್ತಿಟ್ಟು, ಬಂದವರ ಕೈಗೇ ಟೋಕನ್ ಕೊಟ್ಟು, ಇಷ್ಟವಾದ ಯೋಜನೆಯ ಡಬ್ಬಿಗೆ ಹಾಕಿಸುವ ಪದ್ಧತಿ ತಂದಿತು. ನೋಡಲು ಮಕ್ಕಳಾಟ. ಆದರೆ ಎತ್ತಿಟ್ಟ ಹಣ ಸಂಬಳ, ಮೇವಿನ ಖಾತೆಯಲ್ಲಿ ಕರಗುವುದಿಲ್ಲ ಎಂಬುದೇ ಅದರ ಬಲ.

"ನೂರು ರೂಪಾಯಿ ಖರ್ಚು ಮಾಡಿದ್ರೆ ಕಾಡಿಗೆ ಎಷ್ಟು?"

ಮೂರು. ಮೃಗಾಲಯಗಳ ಜಾಗತಿಕ ಒಕ್ಕೂಟ ತನ್ನ ಸದಸ್ಯರಿಗೆ ಹೇಳುವ ಗುರಿ ಅದು: ವರ್ಷದ ನಿರ್ವಹಣಾ ವೆಚ್ಚದ ಶೇ. 3ರಷ್ಟಾದರೂ ಪ್ರಾಣಿಯ ಸ್ವಂತ ನೆಲೆಯ ಸಂರಕ್ಷಣೆಗೆ ಹೋಗಬೇಕು. ಅದು ಗುರಿ ಮಾತ್ರ, ಎಲ್ಲರೂ ಮುಟ್ಟುವುದಿಲ್ಲ. ಆದರೂ ಸದಸ್ಯ ಮೃಗಾಲಯಗಳದ್ದೆಲ್ಲ ಸೇರಿಸಿದರೆ ವರ್ಷಕ್ಕೆ ಸುಮಾರು 35 ಕೋಟಿ ಡಾಲರ್ ಎಂದು 2010ರ ಸುಮಾರಿನ ಲೆಕ್ಕ.

"ಮೂರೇ ರೂಪಾಯಾ!" ಎಂದು ಸ್ಟೀರಿಂಗ್ ಬಿಟ್ಟು ಕೈಯೆತ್ತಿದರು. ಉಳಿದ 97 ಮೇವು, ಮಾಂಸ, ಪಶುವೈದ್ಯರು, ಪಾಲಕರ ಸಂಬಳ, ಕರೆಂಟಿಗೆ. ಅವರ ಅಸಮಾಧಾನ ನ್ಯಾಯವಾದದ್ದೇ. ಆದರೆ ಆ ಮೂರು ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಅದರ ಬೆಲೆ. ಮಾರಿಷಸ್‌ನ ಪುಟ್ಟ ಗಿಡುಗ 1974ರಲ್ಲಿ ತಿಳಿದಂತೆ ನಾಲ್ಕೇ ಉಳಿದಿತ್ತು. ಅದು ಮತ್ತೆ ನೂರಾರಾದದ್ದರಲ್ಲಿ ಜರ್ಸಿ ದ್ವೀಪದ ಮೃಗಾಲಯದ ಸಂಸ್ಥೆಯ ಪಾಲು ದೊಡ್ಡದು. ಗೂಡಿನ ಪೆಟ್ಟಿಗೆ, ಮರಿಗಳಿಗೆ ಕೈತುತ್ತು, ವರ್ಷಾನುಗಟ್ಟಲೆ ಅಲ್ಲೇ ಉಳಿದ ಕೆಲಸಗಾರರು ಎಲ್ಲಕ್ಕೂ ಹಣ ಬೇಕಿತ್ತು. ಕೊಡುವವರು ಮಾತ್ರ ಸಾಮಾನ್ಯವಾಗಿ ಕ್ಯಾಮರಾ, ರೇಡಿಯೊ ಕಾಲರ್‌ಗೆ ಮನಸ್ಸು ಮಾಡುತ್ತಾರೆ, ಸಂಬಳಕ್ಕಲ್ಲ. ಅನುದಾನ ಒಂದೆರಡು ವರ್ಷದ್ದು. ಅವಧಿ ಮುಗಿದ ಮೇಲೆ ಬ್ಯಾಟರಿಗೂ ಡೀಸೆಲ್ಲಿಗೂ ಹಣವಿಲ್ಲದೆ ಒಳ್ಳೆಯ ಕ್ಯಾಮರಾ ಬೀರುವಿನಲ್ಲಿ ಕೂರುತ್ತದೆ.

"ಆನೆ ತುಳಿದ ಕಾಫಿ ತೋಟಕ್ಕೆ ಏನಾದ್ರೂ ಕೊಡ್ತಾರಾ?"

ಕೊಡಗಿನಲ್ಲಿ ಮಾತು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಬೆಳೆ ಪರಿಹಾರ ಅರಣ್ಯ ಇಲಾಖೆಯ ಕೆಲಸ, ಮೃಗಾಲಯದ ಅನುದಾನದ್ದಲ್ಲ. ಅರ್ಜಿಗೆ ಪಹಣಿ, ಹಾನಿಯ ಫೋಟೊ, ಸ್ಥಳ ಪರಿಶೀಲನೆ ಬೇಕು. ತಡಮಾಡಿದರೆ ತುಳಿದ ಗುರುತೇ ಮಳೆಗೆ ಅಳಿದುಹೋಗಿರುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ ನಡೆಸುವ 'ವೈಲ್ಡ್ ಸೇವೆ' ಮಾಡುವುದು ಇದನ್ನೇ: ಉಚಿತ ಕರೆ ಮಾಡಿದರೆ ಜನ ಬಂದು ಅರ್ಜಿ ತುಂಬಿಸಿಕೊಡುತ್ತಾರೆ. ಇಂಥ ಕೆಲಸ ಪೋಸ್ಟರಿನ ಮೇಲೆ ಚೆಂದ ಕಾಣುವುದಿಲ್ಲ. ನನ್ನ ಮಟ್ಟಿಗೆ ಹುಲಿ ಉಳಿಸುವ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೇ.

ವಿದೇಶಿ ಮೃಗಾಲಯ ಮನಸ್ಸು ಮಾಡಿದ ಮಾತ್ರಕ್ಕೆ ಹಣ ಕುಟ್ಟಕ್ಕೆ ಬರುವುದೂ ಇಲ್ಲ. ಪಡೆಯುವ ಸಂಸ್ಥೆಗೆ ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬೀಳಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವ ಹಾಗಿಲ್ಲ. ಊರಿನ ಸಣ್ಣ ಸಂಘಗಳಿಗೆ ದೊಡ್ಡ ಸಂಸ್ಥೆಯ ಮೂಲಕ ಹಣ ಇಳಿಯುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಸಫಾರಿಯ ಹಣದ ದಾರಿ ಬೇರೆ: 2006ರ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಒಂದು ಪ್ರತಿಷ್ಠಾನ ಇರಬೇಕೆಂದಿತು. ಪ್ರವಾಸಿಗರ ಹಣ ಸರ್ಕಾರದ ಬೊಕ್ಕಸದಲ್ಲಿ ಕಳೆದುಹೋಗದೆ ಆ ಕಾಡಿಗೇ ತಿರುಗಲಿ ಎಂಬುದು ಉದ್ದೇಶ.

ಇಷ್ಟೆಲ್ಲ ಮಾತಾದ ಮೇಲೆ ಉಳಿದುಕೊಂಡ ಹೋಂಸ್ಟೇಯ ಬಿಲ್ಲಿನಲ್ಲಿ 'ವನ್ಯಜೀವಿ ನಿಧಿ' ಎಂದು 200 ರೂಪಾಯಿ ಇತ್ತು. ಯಾರಿಗೆ ಹೋಗುತ್ತದೆಂದು ಕೇಳಿದರೆ "ಎಲ್ಲ ಕಡೆ ಹಾಕ್ತಾರೆ ಸಾರ್" ಎಂಬ ಉತ್ತರ. ಅಕ್ಕಿ ರೊಟ್ಟಿ, ಕಣಿಲೆ ಸಾರು ಬಹಳ ಚೆನ್ನಾಗಿದ್ದವು, ಆ 200 ಇನ್ನೂ ಚುಚ್ಚುತ್ತದೆ. ಇಂಥ ಕಡೆ ಮೂರು ಕೇಳಿ: ಹಣ ಪಡೆಯುವ ಸಂಸ್ಥೆಯ ಹೆಸರು, ರಸೀದಿ, ಹೋದ ವರ್ಷ ಅದರಿಂದ ಏನು ಮಾಡಿದರು. ಮೂರರಲ್ಲಿ ಒಂದೂ ಇಲ್ಲವಾದರೆ ಬಿಲ್ಲಿನಿಂದ ತೆಗೆಸಿ.

ಕೊಡಗಿನಲ್ಲೇ ಕಾವೇರಿ ದಡದ ದುಬಾರೆ ಆನೆ ಶಿಬಿರದ ಬಗ್ಗೆ ಎರಡೇ ಮಾತು. ಸ್ನಾನ ಮಾಡುವ ಆನೆಗಿಂತ ಸೆಲ್ಫಿ ಕೋಲುಗಳೇ ಹೆಚ್ಚು. ಕಾವೇರಿ ಏರಿದರೆ ದೋಣಿ ನಿಲ್ಲುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಹೊರಡುವ ಮೊದಲು ವಿಚಾರಿಸಿ.

ವಾಪಸು ಬರುವಾಗ ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ತೆಗೆದುಕೊಳ್ಳುವ ಯೋಚನೆ ಇದ್ದರೆ ಒಂದು ತಿಳಿದಿರಲಿ: ಆ ಹಣ ಅಲ್ಲಿರುವ ಪ್ರಾಣಿಯ ಮೇವು, ಆರೈಕೆಗೆ. ಅದೂ ಒಳ್ಳೆಯ ಕೆಲಸವೇ. 1892ರ ಈ ಮೃಗಾಲಯ ಬಹುಮಟ್ಟಿಗೆ ಗೇಟಿನ ಹಣದಲ್ಲೇ ನಡೆಯುವುದರಿಂದ ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದಾಗ ದಾನಿಗಳೇ ಆಸರೆಯಾದರು. ಆದರೆ ಹುಲಿ ದತ್ತು ತೆಗೆದುಕೊಂಡವರ ಹಣ ನಾಗರಹೊಳೆಯ ಹುಲಿಗೆ ಸೇರುವುದಿಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ. ಕುಟ್ಟದ ಕಡೆಯಿಂದ ಕಾಡುದಾರಿಯಲ್ಲಿ ಬರುವವರು ಸಂಜೆ ಆರಕ್ಕೆ ಗೇಟು ಬೀಳುತ್ತದೆಂದು ಲೆಕ್ಕ ಹಾಕಿಯೇ ಹೊರಡಬೇಕು.