ಮಂಗಳದವರ ಯುದ್ಧದಲ್ಲಿ ಸೇಬಿನ ಗಾಡಿಯ ಹುಡುಗ

‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ನಿಮ್ಮ ಮೆಚ್ಚಿನ ಪಾತ್ರ ಯಾವುದು ಅಂತ ಬಹಳ ಜನ ಕೇಳುತ್ತಾರೆ. ಸೇಬಿನ ಗಾಡಿಯ ಹುಡುಗ ಅಂದರೆ, ಪುಸ್ತಕ ಓದಿದವರೂ ‘ಹಾಗೊಬ್ಬ ಇದ್ದಾನಾ?’ ಅನ್ನುತ್ತಾರೆ. ಇದ್ದಾನೆ. ಎಚ್. ಜಿ. ವೆಲ್ಸ್ ಅವನಿಗೆ ಹೆಸರು ಕೊಟ್ಟಿಲ್ಲ, ಒಂದು ಮಾತೂ ಆಡಿಸಿಲ್ಲ.

1898ರಲ್ಲಿ ಪುಸ್ತಕವಾಗಿ ಬಂದ ಕಥೆ ಇದು. ಇಂಗ್ಲೆಂಡಿನ ವೋಕಿಂಗ್ ಊರಿನ ಪಕ್ಕ, ಹಾರ್ಸೆಲ್ ಬಯಲಿನಲ್ಲಿ, ಮಂಗಳ ಗ್ರಹದಿಂದ ಬಂದ ದೊಡ್ಡ ಸಿಲಿಂಡರ್ ಬಿದ್ದಿದೆ. ಸುಡುಬಿಸಿಲು, ಗಾಳಿಯ ಸುಳಿವಿಲ್ಲ. ನೋಡಲು ಜನ ಜಾತ್ರೆಯಂತೆ ಸೇರಿದ್ದಾರೆ. ಚೋಬಮ್ ರಸ್ತೆಯ ಮಿಠಾಯಿ ಅಂಗಡಿಯವನು ತಡಮಾಡಲಿಲ್ಲ. ಒಂದು ಗಾಡಿ ತುಂಬ ಹಸಿರು ಸೇಬು, ಜಿಂಜರ್ ಬಿಯರ್ ಹೇರಿ ಮಗನನ್ನು ಅಲ್ಲಿಗೆ ಕಳಿಸಿದ. ವೆಲ್ಸ್ ಸ್ವತಃ ವೋಕಿಂಗ್‌ನಲ್ಲಿ ಮನೆ ಮಾಡಿಕೊಂಡಿದ್ದವರು. ಆ ಊರಿನ ಅಂಗಡಿಯವರ ಚುರುಕು ಅವರಿಗೆ ಗೊತ್ತಿತ್ತು ಅನಿಸುತ್ತದೆ.

ಸಂಜೆ ಮುಚ್ಚಳ ಕಳಚುತ್ತದೆ. ಒಳಗಿನದನ್ನು ಕಂಡ ಜನ ದಿಕ್ಕೆಟ್ಟು ಓಡುತ್ತಾರೆ. ಉರಿಯುವ ಆಕಾಶದೆದುರು ಗಾಡಿಯೊಂದೇ ಕಪ್ಪಗೆ ನಿಂತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹುಡುಗನೊಬ್ಬ ಸೇಬಿನ ಗಾಡಿಯನ್ನು ತಳ್ಳಿಕೊಂಡು ಹೋಗುವುದು ನಿರೂಪಕನ ಕಣ್ಣಿಗೆ ಬೀಳುತ್ತದೆ. ಅಷ್ಟೇ, ಒಂದೇ ವಾಕ್ಯ. ಅದರ ಬೆನ್ನಿಗೇ ಬಿಳಿ ಬಾವುಟ ಹಿಡಿದವರ ಗುಂಪು ಬರುತ್ತದೆ. ಖಗೋಳ ವಿಜ್ಞಾನಿಗಳಾದ ಆಗಿಲ್ವಿ, ಸ್ಟೆಂಟ್, ಪತ್ರಕರ್ತ ಹೆಂಡರ್ಸನ್ ಅದರಲ್ಲಿದ್ದರು. ಮಂಗಳದವರ ಅಸ್ತ್ರವಾದ ಶಾಖಕಿರಣ ಮೊದಲು ಸುಟ್ಟದ್ದು ಅವರನ್ನೇ.

ಮಾತುಕತೆಗೆ ಹೋದವರ ಧೈರ್ಯ ಸಣ್ಣದಲ್ಲ. ಆದರೆ ಗಾಡಿ ತರಲು ಬಂದವನ ಧೈರ್ಯ ನನಗೆ ಹೆಚ್ಚು ಅರ್ಥವಾಗುತ್ತದೆ. ಗಾಡಿ ಹೋದರೆ ಬಂಡವಾಳ ಹೋಯಿತು. ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಯುದ್ಧ ಶುರುವಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕಿರಣಕ್ಕೆ ಸಿಕ್ಕನೋ ತಪ್ಪಿಸಿಕೊಂಡನೋ, ಕಥೆ ಹೇಳುವುದಿಲ್ಲ.

ಮುಂದೆ ಲಂಡನ್‌ನಲ್ಲಿ ಪತ್ರಿಕೆ ಮಾರುವವರು ಬರುತ್ತಾರೆ. ನಿರೂಪಕನ ತಮ್ಮ ಒಂದು ಪತ್ರಿಕೆಗೆ ಮೂರು ಪೆನ್ಸ್ ತೆರಬೇಕಾಗುತ್ತದೆ. ಊರೇ ಖಾಲಿಯಾಗುವ ಹೊತ್ತಿಗೆ ಮಾರುವವನೊಬ್ಬ ತಾನೂ ಓಡುತ್ತಲೇ ಒಂದೊಂದನ್ನು ಒಂದು ಶಿಲ್ಲಿಂಗಿಗೆ, ಅಂದರೆ ಹನ್ನೆರಡು ಪೆನ್ಸಿಗೆ, ಮಾರುತ್ತಿರುತ್ತಾನೆ. ಶತ್ರು ಎಷ್ಟು ಹತ್ತಿರ ಬಂದ ಅನ್ನುವುದು ಆ ಬೆಲೆಯಲ್ಲೇ ಕಾಣುತ್ತದೆ. ಲಾಭವೂ ದಿಗಿಲೂ ವಿಕಾರವಾಗಿ ಬೆರೆತಿವೆ ಎಂದು ನಿರೂಪಕ ಅವನನ್ನು ತೂಗಿಬಿಡುತ್ತಾನೆ. ಇದನ್ನು ನಾನು ಒಪ್ಪಲಾರೆ. ನಾಳೆ ಯಾವ ಊರಲ್ಲಿ ಮಲಗಬೇಕೋ, ಯಾರಿಗೆ ಊಟ ಕೊಡಿಸಬೇಕೋ ತಿಳಿಯದವನು ಕೈಯಲ್ಲಿದ್ದುದನ್ನು ಮಾರಿದ. ಉಳಿದವರು ಮನೆಯಿಂದ ಸಿಕ್ಕಿದ್ದನ್ನು ಹೊತ್ತು ಓಡುತ್ತಿದ್ದರು. ಅವನ ಬಳಿ ಇದ್ದದ್ದು ಆ ಕಾಗದ.

ಕೊನೆಯಲ್ಲಿ, ಮಂಗಳದವರು ಸತ್ತ ಮೇಲೆ, ನಿರೂಪಕ ಮತ್ತೆ ಅಚ್ಚಾಗತೊಡಗಿದ ಪತ್ರಿಕೆಯೊಂದನ್ನು ಜೇಬಿನಲ್ಲಿ ಸಿಕ್ಕ ಕಪ್ಪಿಟ್ಟ ಶಿಲ್ಲಿಂಗ್ ಕೊಟ್ಟು ಕೊಳ್ಳುತ್ತಾನೆ. ಅದನ್ನು ಅಚ್ಚಿಗೆ ಜೋಡಿಸಿದವನ ಬಗ್ಗೆ ವೆಲ್ಸ್ ಒಂದು ಮಾತು ಬರೆದಿದ್ದಾರೆ. ಆ ಶಿಲ್ಲಿಂಗಿಗೆ ಕೈ ಚಾಚಿದವನ ಬಗ್ಗೆಯೂ ಒಂದು ಸಾಲು ನನಗೆ ಬೇಕಿತ್ತು.