ಹತ್ತು ಗಂಟೆಯ ಸಮಯ

ಇಂದು ಬಸವನಗುಡಿಯ ಆಪ್ತಸಮಾಲೋಚಕಿಯೊಬ್ಬರ ಎದುರು ಕುಳಿತಿದ್ದಾಗ, ಕೊರಳಿನ ಶಿವದಾರದಲ್ಲಿದ್ದ, ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆಯನ್ನು ನನ್ನ ಕೈ ಎಂದಿನಂತೆ ತಾನಾಗಿಯೇ ಹಿಡಿದುಕೊಂಡಿತು. ಅವರು ಅದನ್ನು ಗಮನಿಸಿ, "ಬೆಳಗಿನ ಪೂಜೆಗೆ ಎಷ್ಟು ಹೊತ್ತು ಬೇಕಾಗುತ್ತದೆ?" ಎಂದು ಕೇಳಿದರು. ನಾನು ಹೇಳಿದ ಮೇಲೆ, "ಹಾಗಾದರೆ ಎಂಟು ಗಂಟೆ ಬೇಡ, ಹತ್ತಕ್ಕೆ ಇಟ್ಟುಕೊಳ್ಳೋಣ" ಎನ್ನುತ್ತ ಡೈರಿಯಲ್ಲಿ ಬರೆದಿದ್ದ ಸಮಯವನ್ನು ಅಳಿಸಿ, ಪೆನ್ಸಿಲಿನಲ್ಲಿ ತಿದ್ದಿದರು.

ಇದಕ್ಕೆ ಮೊದಲು ನಾನು ಕಂಡ ಸಮಾಲೋಚಕರೊಬ್ಬರು (ಹೆಸರು ಬೇಡ) ನಿದ್ದೆ ಬಾರದ ನನ್ನ ಸಂಕಟವನ್ನು ಬದಿಗಿಟ್ಟು, ಲಿಂಗಪೂಜೆಯೇ ಒಂದು ರೋಗಲಕ್ಷಣವೆಂಬಂತೆ ಕೆದಕಿದ್ದರು. ಧರ್ಮ, ಜಾತಿ, ಲೈಂಗಿಕ ಒಲವುಗಳ ಆಧಾರದ ಮೇಲೆ ತಾರತಮ್ಯ ಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆಯಾದರೂ, ಕುರ್ಚಿಯ ಅಂಚಿನಲ್ಲಿ ಕುಳಿತು ಕಣ್ಣೊರೆಸಿಕೊಳ್ಳುವವನಿಗೆ ಕಾಯ್ದೆ ನೆನಪಾಗುವುದಿಲ್ಲ. ಮರುವಾರ ಹೋಗದಿರುವುದಷ್ಟೇ ಅವನಿಗೆ ಸಾಧ್ಯವಾಗುತ್ತದೆ.

ಆದ್ದರಿಂದ ಈ ಸಲ ಮೊದಲೇ ಫೋನಿನಲ್ಲಿ, ಕನ್ನಡದಲ್ಲಿಯೇ ಮಾತನಾಡಬಹುದೇ, ತಮ್ಮದಲ್ಲದ ನಂಬಿಕೆಯವರೊಡನೆ ಕೆಲಸ ಮಾಡಿದ ಅನುಭವವಿದೆಯೇ ಎಂದು ತುಸು ಸಂಕೋಚದಿಂದಲೇ ಕೇಳಿದ್ದೆ. "ನಾನು ದೇವರನ್ನು ನಂಬುವವಳಲ್ಲ, ಆದರೆ ಇಲ್ಲಿ ಮಾತು ನಿಮ್ಮದು" ಎಂದು ಅವರು ನಕ್ಕಿದ್ದರು. ನಂಬುವವರನ್ನೇ ಹುಡುಕಬೇಕೆಂದು ಅಲ್ಲಿಯವರೆಗೂ ನಾನು ಭಾವಿಸಿದ್ದೆ.

ಮುಂದಿನ ಮಂಗಳವಾರ ಹತ್ತಕ್ಕೆ ಮತ್ತೆ ಹೋಗುತ್ತಿದ್ದೇನೆ.