ಮೂರನೇ ಸಿಲಿಂಡರ್ ಕೊಟ್ಟ ಕೆಲಸ: ಎಂಜಿನ್ ರೀಬಿಲ್ಡ್, ಇಲ್ಲಿಯವರೆಗೆ

ಬಾನೆಟ್ ಎತ್ತಿದಾಗ ಡಿಪ್‌ಸ್ಟಿಕ್ ಎರಡು ಬೆರಳಷ್ಟು ಮೇಲೆದ್ದು ನಿಂತಿತ್ತು. ಸುತ್ತಮುತ್ತ ಎಲ್ಲ ಆಯಿಲ್. ಮೂರನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಒಂದು ಸಣ್ಣ ಎಡವು, ಆಮೇಲೆ ಕನ್ನಡಿಯಲ್ಲಿ ನೀಲಿ ಹೊಗೆ. ಟರ್ಬೊ ಸೀಲ್ ಹೋಗಿರಬೇಕು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದೆ. ಆದರೆ ಟರ್ಬೊ ಸೀಲ್ ಹೋದರೆ ಡಿಪ್‌ಸ್ಟಿಕ್ ಯಾಕೆ ಮೇಲೇಳಬೇಕು? ಪಿಸ್ಟನ್ ಮೇಲಿನ ಒತ್ತಡ ಕೆಳಗೆ ಆಯಿಲ್ ಇರುವ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತಿದೆ ಅಂತಲೇ ಅರ್ಥ.

ಎಂಜಿನ್ 2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ. ಬೋರ್, ಅಂದರೆ ಸಿಲಿಂಡರ್‌ನ ಒಳ ಅಗಲ, 86 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಕೂಡ 86. ಒಳಗಿನ ಭಾಗಗಳೆಲ್ಲ ಕಂಪನಿಯವೇ. ಬೂಸ್ಟ್, ಅಂದರೆ ಟರ್ಬೊ ಗಾಳಿ ತುಂಬುವ ಒತ್ತಡ, ಮಾತ್ರ ನಾನು 1.2 ಬಾರ್‌ಗೆ ಏರಿಸಿದ್ದೆ.

ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಕಂಪ್ರೆಶನ್ ನೋಡಿದೆ. 10.5, 10.6, 5.8, 10.4 ಬಾರ್. ಮೂರನೆಯದು ಹೋಗಿದೆ. ಅದೇ ಸಿಲಿಂಡರ್‌ಗೆ ಹೊರಗಿನಿಂದ ಗಾಳಿ ತುಂಬಿ ಕಿವಿ ಇಟ್ಟೆ. ಸೈಲೆನ್ಸರ್ ಕಡೆ ಸದ್ದಿಲ್ಲ, ಅಂದರೆ ಎಕ್ಸಾಸ್ಟ್ ವಾಲ್ವ್ ಚೆನ್ನಾಗಿದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಇಲ್ಲ, ಹೆಡ್ ಗ್ಯಾಸ್ಕೆಟ್ ಕೂಡ ಸರಿ. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಬುಸ್ ಅಂತ ಗಾಳಿ ಬರುತ್ತಿತ್ತು. ಪ್ಲಗ್ ಬಿಚ್ಚಿದರೆ ಅದರ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಅಲ್ಲಲ್ಲಿ ಮಿನುಗುವ ಅಲ್ಯೂಮಿನಿಯಂ ಕಣಗಳು. ಆ ಕಣ ಪಿಸ್ಟನ್‌ದೇ. ಇನ್ನು ಬಿಚ್ಚದೆ ದಾರಿ ಇರಲಿಲ್ಲ.

ಬಿಚ್ಚಿದ ಮೇಲೆ

ಮೂರನೇ ಪಿಸ್ಟನ್‌ನಲ್ಲಿ ಮೊದಲ ಮತ್ತು ಎರಡನೇ ರಿಂಗ್ ಕೂರುವ ತೋಡುಗಳ ನಡುವಿನ ಅಂಚು, ಅಂದರೆ ರಿಂಗ್ ಲ್ಯಾಂಡ್, ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಮುರಿದಿತ್ತು. ಆ ಚೂರು ಬೋರ್‌ನಲ್ಲಿ ಉದ್ದಕ್ಕೆ ಗೀರು ಎಳೆದಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ರಿಂಗ್ ಲ್ಯಾಂಡ್ ಮುರಿಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಬಿಸಿಗೆ ರಿಂಗ್ ಹಿಗ್ಗಿ ಅದರ ಎರಡು ತುದಿ ಒಂದಕ್ಕೊಂದು ಮುಟ್ಟಿ, ರಿಂಗ್ ಬೋರ್ ಕಚ್ಚಿಕೊಂಡು ಲ್ಯಾಂಡನ್ನು ಕಿತ್ತುಕೊಂಡು ಬರುವುದು. ಇನ್ನೊಂದು ನಾಕಿಂಗ್. ಕಿಡಿ ಬಿದ್ದ ಮೇಲೆ ಬೆಂಕಿ ಹರಡುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು. ಆ ಹೊಡೆತ ಸುತ್ತಿಗೆ ಏಟಿನ ಹಾಗೆ. ರಿಂಗ್‌ನ ತುದಿಗಳನ್ನು ಲೆನ್ಸ್ ಹಿಡಿದು ನೋಡಿದೆ. ಮುಟ್ಟಿದ್ದರೆ ತಿಕ್ಕಿ ಹೊಳೆಯುತ್ತಿದ್ದವು. ಹೊಳಪಿಲ್ಲ, ಮಂಕಾಗಿಯೇ ಇವೆ. ಹಾಗಾದರೆ ನಾಕಿಂಗ್.

ಆದರೆ ಒಂದೇ ಸಿಲಿಂಡರ್‌ನಲ್ಲಿ ಯಾಕೆ? ಮೀಟರ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.8 ಇತ್ತು (ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 11.8 ಪಾಲು ಗಾಳಿ; ಸಂಖ್ಯೆ ಏರಿದಷ್ಟೂ ಪೆಟ್ರೋಲ್ ಕಡಿಮೆ), ಅದನ್ನು ನಂಬಿ ನಿಶ್ಚಿಂತೆಯಿಂದ ಓಡಿಸುತ್ತಿದ್ದೆ. ಇಂಜೆಕ್ಟರ್‌ಗಳನ್ನು ಅಳತೆಗೆ ಕಳಿಸಿದಾಗ ಗುಟ್ಟು ಗೊತ್ತಾಯಿತು. ಮೂರನೆಯದು ಉಳಿದವಕ್ಕಿಂತ ಶೇ. 12 ಕಡಿಮೆ ಸುರಿಸುತ್ತಿದೆ. ಸೆನ್ಸರ್ ಇರುವುದು ನಾಲ್ಕೂ ಸಿಲಿಂಡರ್ ಹೊಗೆ ಸೇರುವ ಪೈಪಿನಲ್ಲಿ, ಅದು ಹೇಳುವುದು ಸರಾಸರಿ. ಲೆಕ್ಕ ಹಾಕಿದರೆ ಮೂರು ಸಿಲಿಂಡರ್ 11.4ರ ಹತ್ತಿರ ಓಡುತ್ತಿದ್ದವು, ಇದೊಂದು 13ರಲ್ಲಿ ಬೇಯುತ್ತಿತ್ತು. ಪೂರ್ತಿ ಬೂಸ್ಟ್‌ನಲ್ಲಿ 13 ಅಂದರೆ, ಆ ಪಿಸ್ಟನ್ ಇಷ್ಟು ದಿನ ತಾಳಿದ್ದೇ ದೊಡ್ಡದು. ಕಂಪನಿಯ ಪಿಸ್ಟನ್ ಕಳಪೆ ಅಂತ ಬೈಯುವ ಅಧಿಕಾರ ನನಗೆ ಅಲ್ಲಿಗೆ ಹೋಯಿತು.

ಪಿಸ್ಟನ್: ಎರಡು ವಾರ ಇದೊಂದಕ್ಕೇ

ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್ ಹಾಕಬೇಕು ಅನ್ನುವುದರಲ್ಲಿ ಗೊಂದಲ ಇರಲಿಲ್ಲ. ಗೀರು ಹೋಗಲು ಬೋರನ್ನು ಹೇಗೂ 86.5ಕ್ಕೆ ಹಿಗ್ಗಿಸಬೇಕು, ಹೊಸ ಪಿಸ್ಟನ್ ಬೇಕೇ ಬೇಕು. ಜಗಳ ಇದ್ದದ್ದು ಲೋಹದ ಬಗ್ಗೆ. 4032 ಅಥವಾ 2618? ಎರಡೂ ಅಲ್ಯೂಮಿನಿಯಂ ಮಿಶ್ರಲೋಹಗಳ ಸಂಖ್ಯೆ.

4032ರಲ್ಲಿ ಸುಮಾರು ಶೇ. 12 ಸಿಲಿಕಾನ್ ಇರುತ್ತದೆ. ಬಿಸಿಗೆ ಕಡಿಮೆ ಹಿಗ್ಗುತ್ತದೆ, ಬೋರ್‌ನಲ್ಲಿ ಬಿಗಿಯಾಗಿ ಕೂರಿಸಬಹುದು, ರಿಂಗ್ ಕೂರುವ ತೋಡುಗಳು ಬೇಗ ಸವೆಯುವುದಿಲ್ಲ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಮ್ಮಿ. ಹೊಡೆತ ಬಿದ್ದರೆ ಮುರಿಯುವ ಬದಲು ಸ್ವಲ್ಪ ಬಾಗಿ ತಾಳಿಕೊಳ್ಳುತ್ತದೆ. ಆದರೆ ಹಿಗ್ಗುವುದು ಜಾಸ್ತಿ. 100 ಡಿಗ್ರಿ ಏರಿದರೆ 86.5 ಮಿ.ಮೀ. ಪಿಸ್ಟನ್ 4032ರಲ್ಲಿ ಸುಮಾರು 0.17 ಮಿ.ಮೀ. ಬೆಳೆದರೆ 2618ರಲ್ಲಿ 0.19. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಅನ್ನಿಸಬಹುದು. ಆದರೆ ಇಲ್ಲಿ ಎಲ್ಲ ನಡೆಯುವುದೇ ಆ ಅಳತೆಯೊಳಗೆ. ಹಾಗಾಗಿ 2618ಕ್ಕೆ ಬೋರ್‌ನಲ್ಲಿ ಹೆಚ್ಚು ಸಂದು ಬಿಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಪಿಸ್ಟನ್ ಅತ್ತಿತ್ತ ಬಡಿದು ಟಕಟಕ ಅನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.

ಮೆಷಿನಿಂಗ್ ಕೆಲಸ ಬಲ್ಲ ಗೆಳೆಯ 4032 ಕಡೆ. "ಟ್ಯೂನಿಂಗ್ ಸರಿ ಇದ್ರೆ ನಿನ್ನ ಪವರ್‌ಗೆ ಅದು ಧಾರಾಳ ಸಾಕು ಕಣೋ" ಅಂದ.

"ಸರಿ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ, ಅಲ್ವಾ?" ಅಂದೆ.

ಅಲ್ಲಿಗೆ 2618 ತೀರ್ಮಾನ ಆಯಿತು. ತಯಾರಕರು ಹೇಳಿದ ಸಂದು 0.09 ಮಿ.ಮೀ. ಟಕಟಕ ಕೇಳಿಸಿಕೊಳ್ಳುತ್ತೇನೆ, ಪರವಾಗಿಲ್ಲ.

ಕಂಪ್ರೆಶನ್ ಅನುಪಾತ, ಅಂದರೆ ಪಿಸ್ಟನ್ ಕೆಳಗಿರುವಾಗಿನ ಒಟ್ಟು ಜಾಗ ಅದು ಮೇಲಿರುವಾಗಿನ ಜಾಗದ ಎಷ್ಟು ಪಟ್ಟು ಅನ್ನುವುದು, 9ರ ಹತ್ತಿರ ಬೇಕಿತ್ತು. ಹೊಸ ಬೋರ್‌ಗೆ ಒಂದು ಸಿಲಿಂಡರ್ 505 ಸಿಸಿ. ಹೆಡ್‌ನ ಗುಂಡಿಗೆ ಪ್ಲಾಸ್ಟಿಕ್ ತಟ್ಟೆ ಮುಚ್ಚಿ, ಸಿರಿಂಜ್‌ನಲ್ಲಿ ದ್ರವ ತುಂಬಿ ಅಳೆದೆ, 46 ಸಿಸಿ ಬಂತು. 1.1 ಮಿ.ಮೀ. ಗ್ಯಾಸ್ಕೆಟ್‌ನದು 6.5. ಪಿಸ್ಟನ್ ತಲೆಯ ತಗ್ಗು 11. ಪಿಸ್ಟನ್ ಮೇಲಕ್ಕೆ ಬಂದಾಗ ಬ್ಲಾಕ್ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಒಟ್ಟು 63.5, ಅನುಪಾತ 8.95. ಸಾಕು.

ರಾಡ್ ಮತ್ತು ಬೋಲ್ಟ್

ಇಲ್ಲಿ ನನಗಿದ್ದ ತಪ್ಪು ಕಲ್ಪನೆ ಒಂದು ಹೋಯಿತು. ಬೂಸ್ಟ್ ಹೆಚ್ಚಿಸಿದ್ದಕ್ಕೇ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ತೋಳು) ಬದಲಾಯಿಸಬೇಕು ಅಂದುಕೊಂಡಿದ್ದೆ. ಬೂಸ್ಟ್ ರಾಡನ್ನು ಒತ್ತುತ್ತದೆ, ತೀರಾ ಹೆಚ್ಚಾದರೆ ಬಾಗಿಸುತ್ತದೆ. ರಾಡ್‌ನ ಬೋಲ್ಟನ್ನು ಎಳೆಯುವುದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಪಿಸ್ಟನ್ ಮೇಲೆ ಹೋಗಿ ತಿರುಗುವ ಹೊತ್ತಿಗೆ ಅದನ್ನು ಹಿಡಿದು ಕೆಳಗೆ ಜಗ್ಗಬೇಕು. ಎಕ್ಸಾಸ್ಟ್ ಸ್ಟ್ರೋಕ್‌ನಲ್ಲಿ ಮೇಲಿನಿಂದ ಒತ್ತಲು ಗ್ಯಾಸ್ ಕೂಡ ಇರುವುದಿಲ್ಲ. ಪಿನ್, ರಿಂಗ್ ಸೇರಿ 450 ಗ್ರಾಂ ತೂಗುವ ಪಿಸ್ಟನ್ 7500 ಆರ್‌ಪಿಎಂನಲ್ಲಿ ಸುಮಾರು 1.6 ಟನ್ ಭಾರದಷ್ಟು ಜಗ್ಗುತ್ತದೆ. 6500ರಲ್ಲಿ ಅದು 1.2 ಟನ್. ಒಂದು ಸಾವಿರ ಆರ್‌ಪಿಎಂಗೆ ಮೂರನೇ ಒಂದು ಪಾಲು ಹೆಚ್ಚು!

ಎಚ್-ಬೀಮ್ (ಅಡ್ಡ ಕೊಯ್ದರೆ ಎಚ್ ಆಕಾರ ಕಾಣುವ ರಾಡ್), 4340 ದರ್ಜೆಯ ಉಕ್ಕು, ಎಆರ್‌ಪಿ ಕಂಪನಿಯ 2000 ಬೋಲ್ಟ್ ಇರುವ ಸೆಟ್ ತೆಗೆದುಕೊಂಡೆ. ಐ-ಬೀಮ್ ಒಳ್ಳೆಯದೋ ಎಚ್-ಬೀಮ್ ಒಳ್ಳೆಯದೋ ಅನ್ನುವ ವಾದ ನನ್ನ ಮಟ್ಟದ ಪವರ್‌ಗೆ ಬರೀ ಕಾಲಹರಣ. ಬೋಲ್ಟನ್ನು ಟಾರ್ಕ್ ನೋಡಿ ಬಿಗಿಯುವ ಬದಲು ಎಷ್ಟು ಉದ್ದ ಹಿಗ್ಗಿತು ಅಂತ ಗೇಜ್ ಹಿಡಿದು ಬಿಗಿಯುವುದು ವಾಸಿ. ಬೋಲ್ಟ್‌ನ ತಿರುಪಿಗೆ ಹಚ್ಚಿದ ಗ್ರೀಸ್ ಬದಲಾದರೂ ಟಾರ್ಕ್ ಲೆಕ್ಕ ತಪ್ಪುತ್ತದೆ, ಹಿಗ್ಗಿದ ಉದ್ದ ಸುಳ್ಳು ಹೇಳುವುದಿಲ್ಲ.

ಕ್ರ್ಯಾಂಕ್ ಹಳೆಯದೇ. ಫೋರ್ಜ್ಡ್, ಬಿರುಕಿಲ್ಲ, ಪಾಲಿಶ್ ಸಾಕಾಯಿತು. ಹೊಸ ಆಯಿಲ್ ಪಂಪ್, ಹೆಡ್ ಸ್ಟಡ್ ಬಂದಿವೆ. ವಾಲ್ವ್ ತೆರೆಯುವ ಕ್ಯಾಮ್ ಮುಟ್ಟಿಲ್ಲ.

ಈ ವಾರ

ಬ್ಲಾಕ್ ಬೋರಿಂಗ್ ಮುಗಿಸಿ ವಾಪಸ್ ಬಂತು. ಹೋನಿಂಗ್ (ಬೋರ್‌ನ ಒಳಗೋಡೆ ಉಜ್ಜಿ ಅಳತೆಗೆ ತರುವುದು) ಮಾಡುವಾಗ ಹೆಡ್ ಜಾಗಕ್ಕೆ ದಪ್ಪ ಪ್ಲೇಟ್ ಬಿಗಿದು ಮಾಡಿ ಅಂತ ಕೇಳಿಕೊಂಡಿದ್ದೆ. ಹೆಡ್ ಬೋಲ್ಟ್ ಬಿಗಿದ ಕೂಡಲೇ ಬೋರ್ ತುಸು ಸೊಟ್ಟಗಾಗುತ್ತದೆ. ಅದೇ ಸ್ಥಿತಿಯಲ್ಲಿ ಉಜ್ಜಿದರೆ ಎಂಜಿನ್ ಓಡುವಾಗ ದುಂಡಗಿರುತ್ತದೆ.

ರಿಂಗ್ ಗ್ಯಾಪ್, ಅಂದರೆ ರಿಂಗ್‌ನ ಎರಡು ತುದಿಗಳ ನಡುವಿನ ಸಂದಿಗೆ, ನಾನೇ ಅರ ಹಾಕಿದೆ. ಬೂಸ್ಟ್ ಎಂಜಿನ್‌ಗೆ ಮೊದಲ ರಿಂಗ್‌ಗೆ ಬೋರ್‌ನ 0.0055 ಪಟ್ಟು ಅಂತ ಹಿಡಿದು 0.48 ಮಿ.ಮೀ., ಎರಡನೆಯದಕ್ಕೆ 0.52. ಎರಡನೆಯದು ಜಾಸ್ತಿ ಯಾಕೆಂದರೆ ಮೊದಲ ರಿಂಗ್ ದಾಟಿ ಬಂದ ಗ್ಯಾಸ್ ನಡುವೆ ಸಿಕ್ಕಿಕೊಂಡು ಮೇಲಿನ ರಿಂಗನ್ನೇ ಎತ್ತಬಾರದು. ಏಳು ರಿಂಗ್ ಚೆನ್ನಾಗಿ ಬಂದವು. ಎಂಟನೆಯದಕ್ಕೆ ಫೋನ್ ಬಂತು, ಮಾತಾಡುತ್ತಾ ಅರ ತಿರುಗಿಸಿದೆ, 0.61 ಆಗಿ ಕೂತಿತು. ಅದೂ ಮೂರನೇ ಸಿಲಿಂಡರ್‌ದೇ.

ಒಂದು ರಿಂಗ್‌ಗೆ ಆರ್ಡರ್ ಹಾಕಿದ್ದೇನೆ. ಇಂಜೆಕ್ಟರ್ ಹೊಸ ಸೆಟ್ ಅಳತೆ ಮುಗಿಸಿ ಬಂದಿದೆ, ನಾಲ್ಕರ ನಡುವಿನ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಮೂರನೇ ಜಾಗಕ್ಕೆ ಹೋಗುವುದರ ಮೇಲೆ ಪೇಂಟ್‌ನಿಂದ ಗುರುತು ಹಾಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ರಿಂಗ್ ಬರುವವರೆಗೆ ಬೇರಿಂಗ್ ಕ್ಲಿಯರೆನ್ಸ್ (ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದು) ಅಳೆಯುವ ಕೆಲಸ.